ಚಂದದ ಪಿಸ್ತೂಲು, ನೆಚ್ಚಿನ ಪಿಸ್ತೂಲು

1956ರ ಮೇ ತಿಂಗಳಲ್ಲಿ ಇಯಾನ್ ಫ್ಲೆಮಿಂಗ್‌ಗೆ ಗ್ಲಾಸ್ಗೋದ ಓದುಗನೊಬ್ಬನಿಂದ ಪತ್ರ ಬಂತು. ಹೆಸರು ಜೆಫ್ರಿ ಬೂತ್ರಾಯ್ಡ್. ವಯಸ್ಸು ಮೂವತ್ತರ ಆಸುಪಾಸು, ಬಂದೂಕುಗಳ ಹುಚ್ಚು. ಬಾಂಡ್ ಕಾದಂಬರಿಗಳು ತನಗೆ ಇಷ್ಟ, ಆದರೆ ಬಾಂಡ್‌ಗೆ ಆಯುಧದ ವಿಷಯದಲ್ಲಿ ಅಭಿರುಚಿಯೇ ಇಲ್ಲ ಎಂಬುದು ಆತನ ದೂರು. ಪಾಯಿಂಟ್ 25 ಬೆರೆಟಾ ಎಂಬ ಆ ಪುಟ್ಟ ಪಿಸ್ತೂಲು ಹೆಂಗಸರು ಕೈಚೀಲದಲ್ಲಿಟ್ಟುಕೊಳ್ಳುವಂಥದ್ದು, ಅದೂ ಅಷ್ಟೇನೂ ಮರ್ಯಾದಸ್ಥರಲ್ಲದ ಹೆಂಗಸರು ಎಂದು ಛೇಡಿಸಿ, ಅದರ ಬದಲು ಏನು ಕೊಡಬೇಕೆಂಬುದನ್ನೂ ವಿವರವಾಗಿ ಬರೆದಿದ್ದ.

ಫ್ಲೆಮಿಂಗ್ ಆ ಪತ್ರವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಉತ್ತರ ಬರೆದ, ಪ್ರಶ್ನೆ ಕೇಳಿದ, ಮತ್ತೆ ಉತ್ತರ ಬಂತು. 1958ರಲ್ಲಿ ಪ್ರಕಟವಾದ 'ಡಾಕ್ಟರ್ ನೋ' ಕಾದಂಬರಿಯ ಆರಂಭದಲ್ಲೇ ಮೇಜರ್ ಬೂತ್ರಾಯ್ಡ್ ಎಂಬ ಶಸ್ತ್ರತಜ್ಞ ಕಾಣಿಸಿಕೊಂಡು, ಬಾಂಡ್‌ನ ಬೆರೆಟಾವನ್ನು ತೂಗಿ ನೋಡಿ, ಮೂಗು ಮುರಿದು, ವ್ಯಾಲ್ಥರ್ ಪಿಪಿಕೆಯನ್ನು ಶಿಫಾರಸು ಮಾಡುತ್ತಾನೆ. ಓದುಗನೊಬ್ಬ ಕಾದಂಬರಿಯ ಒಳಗೇ ಬಂದು ನಿಂತು ನಾಯಕನ ಕೈಯಿಂದ ಆಯುಧ ಕಿತ್ತುಕೊಂಡ ಪ್ರಸಂಗ ಸಾಹಿತ್ಯದಲ್ಲಿ ಇನ್ನೊಂದಿದೆಯೋ ಇಲ್ಲವೋ.

ಈ ಪ್ರಸಂಗವನ್ನು ಸಾಮಾನ್ಯವಾಗಿ ತಮಾಷೆಯ ಸಂಗತಿಯಾಗಿ ಹೇಳಿ ಮುಗಿಸುತ್ತಾರೆ. ನನಗೆ ಇದರಲ್ಲಿ ಒಂದು ಗಂಭೀರ ವಿಮರ್ಶೆಯ ಪ್ರಶ್ನೆ ಕಾಣುತ್ತದೆ. ಪಿಸ್ತೂಲು ಇಟ್ಟುಕೊಂಡವರಲ್ಲಿ ಒಂದು ವರ್ಗ ನೋಟಕ್ಕೆ ಚಂದವಿರುವುದನ್ನು ಬಿಟ್ಟು ಸಪ್ಪೆಯಾದ, ಆದರೆ ಕೈಕೊಡದ ಪಿಸ್ತೂಲನ್ನೇ ಯಾಕೆ ಆರಿಸಿಕೊಳ್ಳುತ್ತದೆ? ಆ ಆಯ್ಕೆ ಕಥೆಯೊಳಗೆ ಬಂದಾಗ ಅದಕ್ಕೆ ಏನಾಗುತ್ತದೆ?

ಮೊದಲು ಬೂತ್ರಾಯ್ಡ್‌ನ ವಾದವನ್ನು ನೋಡೋಣ. ಆತ ಮೊದಲಿಗೆ ಸೂಚಿಸಿದ್ದು ಪಿಪಿಕೆಯನ್ನಲ್ಲ, ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಸೆಂಟೆನಿಯಲ್ ಏರ್‌ವೇಟ್ ಎಂಬ ಪಾಯಿಂಟ್ 38 ರಿವಾಲ್ವರನ್ನು. ಈ ರಿವಾಲ್ವರನ್ನು ನೋಡಿದವರಿಗೆ ಮೊದಲು ಅನ್ನಿಸುವುದು, ಇದರಲ್ಲಿ ಏನೋ ಕಾಣೆಯಾಗಿದೆ ಎಂದು. ಹಿಂದೆ ಎದ್ದು ನಿಲ್ಲುವ ಸುತ್ತಿಗೆ ಕಾಣುವುದಿಲ್ಲ, ಅದು ಒಳಗೇ ಮುಚ್ಚಿಹೋಗಿದೆ. ಬೆನ್ನು ಗೂನಾಗಿ ಉರುಟಾಗಿದೆ. ಕೊಳವೆ ಮೊಂಡು. ಆದರೆ ಆ ಕುರೂಪಕ್ಕೆಲ್ಲ ಕಾರಣವಿದೆ. ಜೇಬಿನಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಯಾವ ಕೊಂಡಿಯೂ ಇರಬಾರದು ಎಂದು ಸುತ್ತಿಗೆಯನ್ನು ಒಳಗೆ ಹುದುಗಿಸಿದ್ದಾರೆ. ರಿವಾಲ್ವರ್‌ನಲ್ಲಿ ಒಂದು ತೋಟಾ ಹಾರದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರೆ ಸಾಕು, ಉರುಳೆ ತಿರುಗಿ ಮುಂದಿನ ತೋಟಾ ಎದುರಿಗೆ ಬರುತ್ತದೆ. ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಹಾಗಲ್ಲ. ಹಾರದ ತೋಟಾವನ್ನು ಎರಡೂ ಕೈ ಬಳಸಿ ಹೊರಗೆಳೆದು ಹಾಕಬೇಕು. ಖಾಲಿ ಚಿಪ್ಪು ಸರಿಯಾಗಿ ಹೊರಬೀಳದೆ ಬಾಯಲ್ಲೇ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು.

ಇವು ಕೋಷ್ಟಕದ ಮಾತುಗಳು. ಸಾಧಾರಣ ಪಿಸ್ತೂಲಿನ ಒಡೆಯರು ಕೊಡುವ ಇನ್ನುಳಿದ ಕಾರಣಗಳೂ ಇಂಥವೇ, ಬಹುತೇಕ ಸಂಸಾರಸ್ಥರ ಲೆಕ್ಕಾಚಾರ. ದಿನವೂ ಸೊಂಟದಲ್ಲಿಟ್ಟುಕೊಳ್ಳುವ ವಸ್ತು ಬೆವರಿಗೆ ತುಕ್ಕು ಹಿಡಿಯುತ್ತದೆ, ಚರ್ಮದ ಒರೆಗೆ ಉಜ್ಜಿ ಬಣ್ಣ ಹೋಗುತ್ತದೆ, ನಕಾಶೆ ಮಾಡಿಸಿದ್ದರೆ ಹೊಟ್ಟೆ ಉರಿಯುತ್ತದೆ. ನಕಾಶೆಗೆ ಸುರಿಯುವ ಹಣದಲ್ಲಿ ಸಾವಿರಾರು ಗುಂಡು ಹಾರಿಸಿ ಅಭ್ಯಾಸ ಮಾಡಬಹುದು. ಆತ್ಮರಕ್ಷಣೆಗೆ ಬಳಸಬೇಕಾಗಿ ಬಂದರೆ ಪೊಲೀಸರು ಆ ಪಿಸ್ತೂಲನ್ನು ಸಾಕ್ಷ್ಯವಾಗಿ ಒಯ್ಯುತ್ತಾರೆ. ತಾತ ಕೊಟ್ಟ ದಂತದ ಹಿಡಿಯ ಕೋಲ್ಟ್ ಆಗಿದ್ದರೆ ಅದು ಯಾವಾಗ ವಾಪಸ್ ಬಂದೀತು, ಯಾವ ಸ್ಥಿತಿಯಲ್ಲಿ ಬಂದೀತು? ಈ ಕೊನೆಯ ಕಾರಣವನ್ನು ಅಮೆರಿಕದ ಪಿಸ್ತೂಲುಗಾರರು ಬಹಳ ಸಹಜವಾಗಿ ಹೇಳುತ್ತಾರೆ. ಅಂದರೆ ಮನುಷ್ಯನ ಮೇಲೆ ಗುಂಡು ಹಾರಿಸುವ ಗಳಿಗೆಯನ್ನು ಅವರು ಮನಸ್ಸಿನಲ್ಲೇ ದಾಟಿ, ಅದರಾಚೆಯ ಕಾಗದಪತ್ರದವರೆಗೆ ಹೋಗಿ ಬಂದಿರುತ್ತಾರೆ. ಸೌಂದರ್ಯವನ್ನು ಬದಿಗಿಡುವ ಈ ವ್ಯವಹಾರಜ್ಞಾನದಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಇದೇ.

ಇತಿಹಾಸವೂ ಹೆಚ್ಚುಕಡಿಮೆ ಅವರ ಕಡೆಗೇ ಇದೆ. ಜರ್ಮನ್ ಸೈನ್ಯ 1908ರಲ್ಲಿ ಒಪ್ಪಿಕೊಂಡ ಲೂಗರ್ ಪಿಸ್ತೂಲನ್ನು ಯಾರೇ ನೋಡಿದರೂ ಚಂದ ಎನ್ನುತ್ತಾರೆ. ಓರೆಯಾದ ಹಿಡಿ, ಸಪೂರ ಕೊಳವೆ, ಗುಂಡು ಹಾರಿದಾಗ ಮೊಣಕಾಲಿನಂತೆ ಮಡಚಿ ಮೇಲೇಳುವ ಕೀಲು. ಆದರೆ ಅದನ್ನು ಮಾಡಲು ಖರ್ಚು ಹೆಚ್ಚು, ಕೆಸರು ತಾಗಿದರೆ ಸಿಡುಕು, ತೋಟಾದ ಬಲ ಸ್ವಲ್ಪ ಕಮ್ಮಿಯಾದರೂ ಮುನಿಸು. ಮೂವತ್ತು ವರ್ಷಗಳ ನಂತರ ಅದೇ ಸೈನ್ಯ ವ್ಯಾಲ್ಥರ್ ಪಿ 38 ಎಂಬ ಮೊದ್ದು ಪಿಸ್ತೂಲಿಗೆ ಬದಲಾಯಿಸಿಕೊಂಡಿತು. ಲೂಗರ್ ಆಮೇಲೆ ಎಲ್ಲಿ ಹೋಯಿತು? ಗೆದ್ದ ಸೈನಿಕರ ಚೀಲಗಳಲ್ಲಿ ಕೂತು ನೆನಪಿನ ಕಾಣಿಕೆಯಾಗಿ ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಯಿತು. ಚಂದದ ಪಿಸ್ತೂಲು ಕದನದಿಂದ ನಿವೃತ್ತಿ ಪಡೆದು ಗಾಜಿನ ಕಪಾಟು ಸೇರುತ್ತದೆ.

ಇನ್ನೂ ಹಿಂದೆ ಹೋದರೆ ದ್ವಂದ್ವಯುದ್ಧದ ಜೋಡಿ ಪಿಸ್ತೂಲುಗಳು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ವಾಗ್ಡನ್, ಮ್ಯಾಂಟನ್ ಮುಂತಾದ ಕುಶಲಕರ್ಮಿಗಳು ಮಾಡುತ್ತಿದ್ದವು ಬಹುಪಾಲು ಸಂಯಮದವು. ಕೊಳವೆ ಬಿಸಿಲಿಗೆ ಹೊಳೆದು ಗುರಿ ತಪ್ಪಬಾರದೆಂದು ಕಂದುಬಣ್ಣ ಕಟ್ಟಿಸುತ್ತಿದ್ದರು. ಕೌಶಲವೆಲ್ಲ ಕೈಗೆ ಕೂರುವ ತೂಕದಲ್ಲಿ, ಕುದುರೆಯ ನಾಜೂಕಿನಲ್ಲಿ ಅಡಗಿತ್ತು. ಅದೇ ಕಾಲದಲ್ಲಿ ವರ್ಸೇಲ್ಸ್‌ನ ಕಾರ್ಖಾನೆಯಲ್ಲಿ ನಿಕೊಲಾ ನೋಯೆಲ್ ಬೂತೆ ಮಾಡುತ್ತಿದ್ದ ಪಿಸ್ತೂಲುಗಳಿಗೆ ಚಿನ್ನ, ಬೆಳ್ಳಿ, ಸಿಂಹದ ಮುಖ, ಬಳ್ಳಿಗಳು. ಫ್ರೆಂಚರಿಗೆ ಅಭಿರುಚಿ ಹೆಚ್ಚು, ಇಂಗ್ಲಿಷರಿಗೆ ಕಡಿಮೆ ಎಂದಲ್ಲ. ಬೂತೆಯ ಅತ್ಯಂತ ಅಲಂಕೃತ ಪಿಸ್ತೂಲುಗಳು ಉಡುಗೊರೆಗೆಂದು ಮಾಡಿದವು. ವ್ಯಾಲ್ಥರ್ ಮನೆತನವೂ ಅಷ್ಟೇ. ಪೊಲೀಸರಿಗೆ ಸಾವಿರಗಟ್ಟಲೆ ಸಪ್ಪೆ ಪಿಸ್ತೂಲು ಮಾಡುತ್ತಿದ್ದವರು 1939ರಲ್ಲಿ ಹಿಟ್ಲರನ ಐವತ್ತನೇ ಹುಟ್ಟುಹಬ್ಬಕ್ಕೆ ಮಾತ್ರ ಚಿನ್ನದ ಲೇಪದ, ದಂತದ ಹಿಡಿಯ ಪಿಸ್ತೂಲು ಮಾಡಿ ಕೊಟ್ಟರು. ಹಾರಿಸುವವನಿಗೆ ಕಂದು, ಕೊಡುವವನಿಗೆ ಚಿನ್ನ.

ಹೀಗೆ ಹೇಳಿದಾಗ ವಿಷಯ ಸರಳವಾಗಿ ಕಾಣುತ್ತದೆ. ಫ್ಲೆಮಿಂಗ್‌ನ ಪುಟಕ್ಕೆ ವಾಪಸ್ ಬಂದರೆ ಸರಳವಾಗಿ ಉಳಿಯುವುದಿಲ್ಲ.

ಬಾಂಡ್‌ನ ಬೆರೆಟಾ ಚಂದದ ಪಿಸ್ತೂಲು ಆಗಿರಲೇ ಇಲ್ಲ. 1953ರ 'ಕ್ಯಾಸಿನೊ ರಾಯಲ್'ನಲ್ಲೇ ಅದರ ಹಿಡಿಯ ಎರಡು ಪಕ್ಕದ ಹಲಗೆಗಳನ್ನು ತೆಗೆದು ಬರೀ ಅಸ್ಥಿಪಂಜರ ಉಳಿಸಿದ್ದಾರೆ, ಕೋಟಿನಡಿ ಉಬ್ಬು ಕಾಣದಿರಲೆಂದು. 'ಡಾಕ್ಟರ್ ನೋ'ದಲ್ಲಿ ಅದನ್ನು ಕಳೆದುಕೊಳ್ಳುವಾಗ ಬಾಂಡ್‌ನ ಮನಸ್ಸಿನಲ್ಲಿ ಹಾಯುವ ಭಾವ ಗಮನಿಸಬೇಕು. ಹದಿನೈದು ವರ್ಷದ ದಾಂಪತ್ಯದಂಥ ಒಡನಾಟ, ಅದೂ ಒಂದು ಕುರೂಪಿ ಲೋಹದ ತುಂಡಿನ ಜೊತೆ ಎಂಬ ಅರ್ಥದಲ್ಲಿ ಆತ ಯೋಚಿಸುತ್ತಾನೆ. ಸದಾ ತಣ್ಣಗಿರುವ ಬಾಂಡ್ ಇಲ್ಲಿ ಅಪರೂಪಕ್ಕೆ ಮೆತ್ತಗಾಗುತ್ತಾನೆ. ಆ ದೃಶ್ಯದ ಶಕ್ತಿ ಇರುವುದು ಪಿಪಿಕೆಯ ಆಗಮನದಲ್ಲಲ್ಲ, ಬೆರೆಟಾದ ವಿದಾಯದಲ್ಲಿ. ಇಡೀ ಬಾಂಡ್ ಸರಣಿಯಲ್ಲಿ ವಸ್ತುವಿನ ಬಗ್ಗೆ ಬರೆದ ಅತ್ಯಂತ ಪ್ರಾಮಾಣಿಕ ಪುಟ ಅದು ಎಂದು ನನ್ನ ಅಭಿಪ್ರಾಯ. ಷಾಂಪೇನು, ಕಾರು, ಗಡಿಯಾರ, ಸಿಗರೇಟುಗಳ ಪಟ್ಟಿಗಳೆಲ್ಲ ಜಾಹೀರಾತಿನ ಭಾಷೆಯಲ್ಲಿವೆ. ಇದೊಂದು ಮಾತ್ರ ಬಳಸಿದ ವಸ್ತುವಿನ ಭಾಷೆಯಲ್ಲಿದೆ.

ಅಂದರೆ ಸಾಧಾರಣ ಪಿಸ್ತೂಲಿನ ಮೇಲಿನ ಒಲವಿನಲ್ಲಿ ಎರಡು ಬಗೆ ಇವೆ. ಒಂದು ಬೂತ್ರಾಯ್ಡ್‌ನದು: ಎಷ್ಟು ಬಲ, ಎಷ್ಟು ತೂಕ, ಎಲ್ಲಿ ತೋಟಾ ಸಿಗುತ್ತದೆ. ಇನ್ನೊಂದು ಬಾಂಡ್‌ನದು: ಇದು ಇಷ್ಟು ವರ್ಷ ನನ್ನ ಕೈಬಿಟ್ಟಿಲ್ಲ. ಮೊದಲನೆಯದನ್ನು ಅಳೆಯಬಹುದು, ಎರಡನೆಯದನ್ನು ಅಳೆಯಲಾಗದು. 'ನೆಚ್ಚು' ಎಂಬ ನಮ್ಮ ಮಾತಿನಲ್ಲಿ ನಂಬಿಕೆಯೂ ಇದೆ, ಪ್ರೀತಿಯೂ ಇದೆ. ನೆಚ್ಚಿನ ಎತ್ತು ಎನ್ನುವಾಗ ನಾವು ಅದರ ಕೊಂಬಿನ ಅಂದವನ್ನು ಹೇಳುತ್ತಿರುವುದಿಲ್ಲ. ಪಿಸ್ತೂಲುಗಾರರು ಅಳತೆಯ ಭಾಷೆಯಲ್ಲಿ ವಾದ ಮಾಡಿದರೂ ಆ ವಾದದ ಬೇರು ಎಷ್ಟೋ ಸಲ ಈ ನೆಚ್ಚಿಕೆಯಲ್ಲೇ ಇರುತ್ತದೆ. ಕಥೆಗಾರನಾದ್ದರಿಂದ ಫ್ಲೆಮಿಂಗ್‌ಗೆ ಇದು ಹೊಳೆಯಿತು. ಹೊಳೆದ ಮರುಪುಟದಲ್ಲೇ ಆತ ಅದನ್ನು ಮರೆತುಬಿಟ್ಟ ಎನ್ನುವುದೂ ನಿಜ.

ಮರೆತದ್ದಕ್ಕೆ ಆ 'ಹೆಂಗಸರ ಪಿಸ್ತೂಲು' ಎಂಬ ಬೈಗುಳವೇ ಕಾರಣ. ಚಿಕ್ಕ ತೋಟಾ ಸಾಕಷ್ಟು ಹೊಡೆತ ಕೊಡುವುದಿಲ್ಲ ಎಂಬುದು ತಾಂತ್ರಿಕ ಆಕ್ಷೇಪ, ಅದು ಸರಿ. ಆದರೆ ಹೇಳಿದ್ದು ಆ ಮಾತಿನಲ್ಲಲ್ಲ. ಚಂದ, ಚಿಕ್ಕ, ಹೆಣ್ಣು, ದುರ್ಬಲ ಇವೆಲ್ಲ ಒಂದೇ ಬುಟ್ಟಿಗೆ ಬಿದ್ದವು. ಸಪ್ಪೆ, ಗಂಡಸು, ಗಟ್ಟಿ ಇವು ಇನ್ನೊಂದಕ್ಕೆ. ಒಮ್ಮೆ ಹಾಗೆ ವಿಂಗಡಿಸಿದ ಮೇಲೆ ಹಿಡಿಯೂ ಇಲ್ಲದ ಕುರೂಪಿ ಬೆರೆಟಾ ಕೂಡ ಸಿಂಗಾರದ ಸಾಮಾನಾಗಿ ಕಾಣತೊಡಗುತ್ತದೆ. ಅನಲಂಕಾರವನ್ನು ಹೊಗಳುವ ಮಾತಿನ ಹಿಂದೆ ಹಲವು ಸಲ ಇಂಥ ಗಂಡಸುತನದ ಅಲಂಕಾರ ಇರುತ್ತದೆ, ಪಿಸ್ತೂಲಿನಲ್ಲಿ ಮಾತ್ರವಲ್ಲ, ಗದ್ಯಶೈಲಿಯ ಚರ್ಚೆಯಲ್ಲೂ. ವಿಶೇಷಣವಿಲ್ಲದ ಗದ್ಯವನ್ನು 'ಗಂಡುಗದ್ಯ' ಎಂದು ಮೆಚ್ಚಿಕೊಂಡ ವಿಮರ್ಶೆಗಳನ್ನು ನಾವು ಓದಿದವರೇ.

ಬೂತ್ರಾಯ್ಡ್‌ನ ಸಲಹೆ ಕಾದಂಬರಿಗೆ ಬರುವಷ್ಟರಲ್ಲಿ ಎಷ್ಟು ಬದಲಾಯಿತು ನೋಡಿ. ಆತ ಹೇಳಿದ್ದು ರಿವಾಲ್ವರ್. ಫ್ಲೆಮಿಂಗ್‌ಗೆ ಬಾಂಡ್‌ನ ಕೈಯಲ್ಲಿ ಆಟೊಮ್ಯಾಟಿಕ್ಕೇ ಬೇಕಿತ್ತು. ಆಗಲಿ, ಚಿಕ್ಕ ಆಟೊಮ್ಯಾಟಿಕ್‌ಗಳಲ್ಲಿ ಪಿಪಿಕೆ ಒಳ್ಳೆಯದು, ಅದರ ತೋಟಾ ಲೋಕದಲ್ಲೆಲ್ಲ ಸಿಗುತ್ತದೆ ಎಂದ ಆತ. ಪಿಪಿಕೆ ಜರ್ಮನ್ ಪೊಲೀಸರಿಗಾಗಿ 1930ರ ದಶಕದ ಆರಂಭದಲ್ಲಿ ಬಂದ ಪಿಸ್ತೂಲು. ಯುದ್ಧ ಮುಗಿದು 13 ವರ್ಷಕ್ಕೆ ಬ್ರಿಟಿಷ್ ಗೂಢಚಾರನ ಕೈಗೆ ಅದು ಬಂದದ್ದನ್ನು ಕಾದಂಬರಿ ಒಂದು ಕ್ಷಣವೂ ಯೋಚಿಸುವುದಿಲ್ಲ. ಜೊತೆಗೆ ಬೂತ್ರಾಯ್ಡ್ ತನ್ನ ರಿವಾಲ್ವರ್‌ಗಾಗಿ ಸೂಚಿಸಿದ್ದ ಬರ್ನ್ಸ್ ಮಾರ್ಟಿನ್ ಎಂಬ ಒರೆಯನ್ನು ಫ್ಲೆಮಿಂಗ್ ಪಿಪಿಕೆಗೂ ತೊಡಿಸಿಬಿಟ್ಟ. ಆ ಒರೆಯ ಸ್ಪ್ರಿಂಗು ರಿವಾಲ್ವರಿನ ಉಬ್ಬಿದ ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಚಪ್ಪಟೆ ಪಿಸ್ತೂಲಿಗೆ ಉರುಳೆಯೇ ಇಲ್ಲ. ಓಡುವಾಗ ಪಿಸ್ತೂಲು ಕೆಳಗೆ ಬೀಳದೆ ಇದ್ದದ್ದು ಲೇಖಕನ ಕೃಪೆ.

ತಜ್ಞರು ಈ ತಪ್ಪನ್ನು ಹಿಡಿದು ನಗುತ್ತಾರೆ. ನಗಲಿ. ನನಗೆ ಕಾಣುವುದು ಬೇರೆ: ಫ್ಲೆಮಿಂಗ್‌ಗೆ ಬೇಕಾಗಿದ್ದದ್ದು ನೆಚ್ಚಬಹುದಾದ ಪಿಸ್ತೂಲಲ್ಲ, ನೆಚ್ಚಬಹುದಾದ ಹಾಗೆ ಕೇಳಿಸುವ ಹೆಸರುಗಳು. ಮಿಲಿಮೀಟರು, ಮಾದರಿ ಸಂಖ್ಯೆ, ಕಂಪನಿಯ ಹೆಸರು ಒಂದರ ಮೇಲೊಂದು ಬಿದ್ದಾಗ ಓದುಗನಿಗೆ ಇವನಿಗೆ ಎಲ್ಲ ಗೊತ್ತು ಎಂಬ ಭ್ರಮೆ ಹುಟ್ಟುತ್ತದೆ. ನಿಖರತೆಯೇ ಇಲ್ಲಿ ನಕಾಶೆ ಕೆಲಸ. ಬಂದೂಕಿನ ಮೇಲೆ ಬಳ್ಳಿ ಕೆತ್ತುವ ಬದಲು ವಾಕ್ಯದ ಮೇಲೆ ಅಂಕಿ ಕೆತ್ತಿದ್ದಾನೆ.

ಇದರ ಮುಂದುವರಿಕೆಯಂತಿರುವ ಒಂದು ಚಿತ್ರವಿದೆ. 1957ರ 'ಫ್ರಮ್ ರಷ್ಯಾ, ವಿತ್ ಲವ್' ಕಾದಂಬರಿಯ ಮೊದಲ ಆವೃತ್ತಿಯ ಹೊದಿಕೆಗೆ ರಿಚರ್ಡ್ ಚಾಪಿಂಗ್ ಬರೆದ ಚಿತ್ರ. ಅದಕ್ಕೆ ಮಾದರಿಯಾಗಿ ಬೂತ್ರಾಯ್ಡ್ ತನ್ನದೇ ರಿವಾಲ್ವರನ್ನು ಕಳಿಸಿಕೊಟ್ಟಿದ್ದ. ಬೆರಳು ಬೇಗ ಸೇರಲೆಂದು ಆತ ಅದರ ಕುದುರೆಯ ಸುತ್ತಲಿನ ರಕ್ಷಾಬಳೆಯನ್ನು ಅರ್ಧ ಕೊಯ್ದು ತೆಗೆದಿದ್ದ. ಕಂಪನಿ ಕೊಟ್ಟ ಅಂದವನ್ನೂ ಉಪಯೋಗಕ್ಕಾಗಿ ಕತ್ತರಿಸಿದ ವಸ್ತು. ಸಪ್ಪೆತನದ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಚಾಪಿಂಗ್ ಅದನ್ನೇ ಪ್ರತಿ ಹೊಳಪೂ ಕಾಣುವಂತೆ, ಬೆಕ್ಕಿನ ಮೈಯಷ್ಟು ನುಣುಪಾಗಿ ಬರೆದು, ಅದಕ್ಕೆ ಒಂದು ಗುಲಾಬಿಯನ್ನು ಜೋಡಿಸಿದ. ಬಾಂಡ್ ಹೊದಿಕೆಗಳಲ್ಲೇ ಅತ್ಯಂತ ಸುಂದರವಾದದ್ದು ಅದು. ಕೊಯ್ದ ಬಳೆಯ ಆ ಗಾಯ ಚಿತ್ರದಲ್ಲಿ ಒಂದು ಲಾವಣ್ಯದ ಬಾಗಿನಂತೆ ಕಾಣುತ್ತದೆ.

ಬಂದೂಕು, ಹೂವು ಎಂದಾಗ ನಮ್ಮವರಿಗೆ ಕೊಡಗು ನೆನಪಾದರೆ ಆಶ್ಚರ್ಯವಿಲ್ಲ. ಕೈಲ್ ಮುಹೂರ್ತದ ದಿನ ಕೋವಿಗಳನ್ನು ತೊಳೆದಿಟ್ಟು ತೋಕ್ ಪೂ, ಅಂದರೆ ಕೋವಿಯ ಹೂವೆಂದೇ ಹೆಸರಾದ ಅಗ್ನಿಶಿಖೆಯನ್ನು ಮುಡಿಸುತ್ತಾರೆ. ಆದರೆ ಅಲ್ಲಿ ಹೂವು ಬಂದೂಕಿನ ಭಾಗವಾಗುವುದಿಲ್ಲ. ಪೂಜೆಯ ಹೂವು ಬಾಡಿ ಹೋಗುತ್ತದೆ, ಕೋವಿ ಮೊದಲಿನಂತೆ ಗೋಡೆಗೆ ಹೋಗುತ್ತದೆ. ಚಾಪಿಂಗ್‌ನ ಗುಲಾಬಿ ಬಾಡುವುದಿಲ್ಲ. ಅದು ಆ ರಿವಾಲ್ವರಿಗೆ ಕಾಯಂ ಆಗಿ ಅಂಟಿಕೊಂಡಿದೆ.

ಚಂದದ ಪಿಸ್ತೂಲನ್ನು ಫ್ಲೆಮಿಂಗ್ ಎಲ್ಲಿಟ್ಟ ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು, ಖಳನ ಕೈಯಲ್ಲಿ. ಆತ ತೀರಿಕೊಂಡ ಮರುವರ್ಷ, 1965ರಲ್ಲಿ ಬಂದ 'ದ ಮ್ಯಾನ್ ವಿತ್ ದ ಗೋಲ್ಡನ್ ಗನ್'ನ ಸ್ಕಾರಮಾಂಗಾ ಚಿನ್ನದ ಲೇಪದ ಪಾಯಿಂಟ್ 45 ಕೋಲ್ಟ್ ಹಿಡಿದವನು. ಗುಂಡುಗಳಿಗೂ ಚಿನ್ನ, ಬೆಳ್ಳಿ. ಇಲ್ಲೂ ಹಳೆಯ ನೀತಿಪಾಠ: ಹೊಳೆಯುವ ಆಯುಧದವನು ಒಳಗೆ ಪೊಳ್ಳು. ಅವನ ಪಿಸ್ತೂಲಿನ ಹಂಬಲಕ್ಕೆ ಕಾಮದ ನಂಟು ಹಚ್ಚುವ ಮನಶ್ಶಾಸ್ತ್ರದ ವರದಿಯೊಂದನ್ನೂ ಫ್ಲೆಮಿಂಗ್ ಕಾದಂಬರಿಯಲ್ಲಿ ಸೇರಿಸಿದ್ದಾನೆ. ಆದರೆ ಕಾದಂಬರಿಯನ್ನು ಓದಿ ನೋಡಿ, ಆ ಚಿನ್ನದ ಕೋಲ್ಟ್ ಗುರಿ ತಪ್ಪುವ ಆಟಿಕೆಯೇನಲ್ಲ. ಹೊಳಪು ಯಂತ್ರವನ್ನು ಕೆಡಿಸಲಿಲ್ಲ. ಚಂದ ಮತ್ತು ನೆಚ್ಚಿಕೆ ಒಂದರ ಶತ್ರು ಇನ್ನೊಂದಲ್ಲ ಎಂಬುದನ್ನು ಫ್ಲೆಮಿಂಗ್‌ನ ಖಳನ ಪಿಸ್ತೂಲೇ ತೋರಿಸುತ್ತದೆ, ಲೇಖಕ ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಈ ಜೋಡಿ ಪದಗಳನ್ನು ಫ್ಲೆಮಿಂಗ್‌ಗಿಂತ ಬಹಳ ಮೊದಲೇ, ಬಹಳ ಆಳವಾಗಿ ಮುಟ್ಟಿದವನು ಇಬ್ಸೆನ್. 1890ರ 'ಹೆಡ್ಡಾ ಗಾಬ್ಲರ್' ನಾಟಕದಲ್ಲಿ ತೀರಿಹೋದ ಜನರಲ್ ಗಾಬ್ಲರನ ಜೋಡಿ ಪಿಸ್ತೂಲುಗಳಿವೆ. ಮಗಳು ಹೆಡ್ಡಾ ಬೇಸರ ಕಳೆಯಲು ಅವುಗಳಿಂದ ಗುಂಡು ಹಾರಿಸುತ್ತಾಳೆ. ಒಂದನ್ನು ಲೋವ್‌ಬೋರ್ಗ್‌ನ ಕೈಗಿಟ್ಟು, ಸಾಯುವುದಾದರೆ ಸುಂದರವಾಗಿ ಸಾಯಿ ಎಂಬಂತೆ ಕಳಿಸುತ್ತಾಳೆ. ಆಮೇಲೆ ಜಡ್ಜ್ ಬ್ರಾಕ್ ತರುವ ಸುದ್ದಿ: ಅವನು ಸತ್ತದ್ದು ಒಬ್ಬ ವೇಶ್ಯೆಯ ಕೋಣೆಯಲ್ಲಿ, ಗುಂಡು ತಗುಲಿದ್ದು ಹೊಟ್ಟೆಯ ಕೆಳಗೆ. ಹೆಡ್ಡಾಳಿಗೆ ವಾಕರಿಕೆ ಬರುತ್ತದೆ.

ಗಮನಿಸಬೇಕಾದ್ದು, ನಾಟಕದಲ್ಲಿ ಆ ಪಿಸ್ತೂಲುಗಳು ಎಲ್ಲೂ ಕೆಟ್ಟು ನಿಲ್ಲುವುದಿಲ್ಲ. ಅವು ಪೂರ್ತಿ ನೆಚ್ಚಬಹುದಾದ ಯಂತ್ರಗಳು. ಕೆಟ್ಟದ್ದು ಸೌಂದರ್ಯದ ಯೋಜನೆ. ಕೊನೆಗೆ ಹೆಡ್ಡಾ ಒಳಕೋಣೆಗೆ ಹೋದಾಗ ಉಳಿದ ಪಿಸ್ತೂಲೂ ತನ್ನ ಕೆಲಸ ಮಾಡುತ್ತದೆ. ಪಿಸ್ತೂಲು ಕೈಕೊಡಲಿ ಎಂದು ಪ್ರೇಕ್ಷಕರು ಬಯಸುವ ದೃಶ್ಯ ಅದು. ನಂಬಿಕಸ್ತ ಪಿಸ್ತೂಲು ಎಂಬ ಮಾತಿನೊಳಗಿರುವ ಭಯವನ್ನು ಇಬ್ಸೆನ್ ಇಷ್ಟು ಸದ್ದಿಲ್ಲದೆ ತೋರಿಸುತ್ತಾನೆ. ಗಡಿಯಾರ ನಂಬಿಕಸ್ತ, ಪಂಪ್‌ಸೆಟ್ ನಂಬಿಕಸ್ತ ಎಂದಷ್ಟೇ ಸರಾಗವಾಗಿ ಈ ವಸ್ತುವಿಗೆ ಆ ಗುಣವಾಚಕ ಹಚ್ಚಿದಾಗ, ಅದು ಯಾವ ಕೆಲಸದಲ್ಲಿ ನಂಬಿಕಸ್ತ ಎಂಬ ಪ್ರಶ್ನೆ ಬಾಯೊಳಗೇ ಉಳಿದುಬಿಡುತ್ತದೆ. ಚಿನ್ನದ ಪಿಸ್ತೂಲು ಆ ಪ್ರಶ್ನೆಯನ್ನು ಹೊಳಪಿನಿಂದ ಮುಚ್ಚುತ್ತದೆ, ಸಪ್ಪೆ ಪಿಸ್ತೂಲು ತಾನೊಂದು ಸಲಕರಣೆ ಮಾತ್ರ ಎಂಬ ವಿನಯದಿಂದ ಮುಚ್ಚುತ್ತದೆ. ಎರಡನೆಯ ಮುಸುಕು ಹೆಚ್ಚು ಗಟ್ಟಿ ಎಂದು ನನಗನ್ನಿಸುತ್ತದೆ.

ಆ ವಿನಯ ಎಷ್ಟು ಬೇಗ ಮಾರಾಟದ ಮಾಲಾಗುತ್ತದೆ ಎಂಬುದಕ್ಕೆ ಗ್ಲಾಕ್ ಸಾಕ್ಷಿ. ವಿಯೆನ್ನಾ ಬಳಿ ಕಾರ್ಖಾನೆ ಇಟ್ಟುಕೊಂಡು ಪರದೆಯ ಸರಳು, ಸೈನ್ಯಕ್ಕೆ ಚೂರಿ ಮಾಡುತ್ತಿದ್ದ ಗ್ಯಾಸ್ಟನ್ ಗ್ಲಾಕ್ ಹಿಂದೆಂದೂ ಪಿಸ್ತೂಲು ಮಾಡಿದವನಲ್ಲ. 1982ರಲ್ಲಿ ಆಸ್ಟ್ರಿಯಾ ಸೈನ್ಯ ಅವನ ಪಿಸ್ತೂಲನ್ನು ಒಪ್ಪಿಕೊಂಡಿತು. ಚೌಕಟ್ಟು ಪಾಲಿಮರಿನದು, ಆಕಾರ ಇಟ್ಟಿಗೆಯದು, ಬಿಡಿಭಾಗಗಳು ಸುಮಾರು 34 ಮಾತ್ರ. ಹಳೆಯ ಬಂದೂಕುಪ್ರಿಯರು ಅದನ್ನು ಪ್ಲಾಸ್ಟಿಕ್ ಡಬ್ಬ ಎಂದು ಗೇಲಿ ಮಾಡಿದರು. ಆಮೇಲೆ ಅಮೆರಿಕದ ಪೊಲೀಸ್ ಇಲಾಖೆಗಳೇ ಅದನ್ನು ಕೊಂಡವು. 'ಅಂದವಾಗಿಲ್ಲ, ಆದರೆ ಪ್ರತಿ ಸಲ ಹಾರುತ್ತದೆ' ಎಂಬುದು ಅದರ ಒಡೆಯರ ಮಂತ್ರವಾಯಿತು.

ಸಿನಿಮಾಕ್ಕೆ ಆ ಸಪ್ಪೆತನ ಸಾಕಾಗಲಿಲ್ಲ. 1990ರ 'ಡೈ ಹಾರ್ಡ್ 2'ರಲ್ಲಿ ನಾಯಕ ಗ್ಲಾಕ್ 7 ಎಂಬ ಪಿಸ್ತೂಲಿನ ಬಗ್ಗೆ ಎಚ್ಚರಿಸುತ್ತಾನೆ: ಜರ್ಮನಿಯದು, ಪಿಂಗಾಣಿಯದು, ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ವಿಪರೀತ ದುಬಾರಿ. ಒಂದೂ ನಿಜವಲ್ಲ. ಅಂಥ ಮಾದರಿಯೇ ಇಲ್ಲ, ದೇಶ ಆಸ್ಟ್ರಿಯಾ, ಕೊಳವೆಯೂ ಮೇಲ್ಭಾಗವೂ ಉಕ್ಕು. ಪರದೆ ಸರಳಿನವನ ಅಗ್ಗದ ಪಿಸ್ತೂಲನ್ನು ಕಥೆ ಒಂದೇ ಮಾತಿನಲ್ಲಿ ಪಿಂಗಾಣಿಯ ಮಾಯಾವಸ್ತುವನ್ನಾಗಿ ಮಾಡಿತು. ರ‍್ಯಾಪ್ ಹಾಡುಗಳು ಅದರ ಹೆಸರನ್ನು ಪ್ರಾಸಕ್ಕೆ ಕಟ್ಟಿದವು. ಈಗ ಅದಕ್ಕೆ ಬಣ್ಣ ಬಳಿಸಿ, ಮೇಲ್ಭಾಗ ಕೊರೆಸಿ, ಕೊಳವೆಗೆ ಚಿನ್ನದ ಬಣ್ಣ ಹಾಕಿಸಿಕೊಡುವ ಅಂಗಡಿಗಳೇ ಇವೆ. ಸಪ್ಪೆಯ ಮೇಲಿನ ವ್ರತ ಒಂದು ತಲೆಮಾರೂ ಬಾಳಲಿಲ್ಲ.

ಪಿಪಿಕೆಯ ಕಥೆಯೂ ಹಾಗೆಯೇ. 'ಫ್ರಮ್ ರಷ್ಯಾ ವಿತ್ ಲವ್' ಸಿನಿಮಾದ ಪ್ರಚಾರಕ್ಕಾಗಿ ಡೇವಿಡ್ ಹರ್ನ್ ಎಂಬ ಛಾಯಾಗ್ರಾಹಕ ಷಾನ್ ಕಾನರಿಯ ಚಿತ್ರ ತೆಗೆಯುವ ದಿನ ಪಿಪಿಕೆ ತರಲು ಯಾರಿಗೂ ನೆನಪಿರಲಿಲ್ಲ. ಹರ್ನ್ ತನ್ನ ಬಳಿಯಿದ್ದ ಪಿಸ್ತೂಲನ್ನೇ ಕೊಟ್ಟ. ಅದು ಅದೇ ವ್ಯಾಲ್ಥರ್ ಕಂಪನಿಯ ಎಲ್‌ಪಿ 53, ಗುರಿ ಅಭ್ಯಾಸಕ್ಕೆ ಬಳಸುವ ಗಾಳಿಪಿಸ್ತೂಲು. ಉದ್ದನೆಯ ಸಪೂರ ಕೊಳವೆ, ಗಲ್ಲದ ಪಕ್ಕ ಎತ್ತಿ ಹಿಡಿದರೆ ಬಹಳ ಚಂದ. ಲೋಕವೆಲ್ಲ ಗೋಡೆಗೆ ಅಂಟಿಸಿಕೊಂಡ ಬಾಂಡ್ ಭಂಗಿಗಳಲ್ಲಿ ಅದೂ ಒಂದು. 2010ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಆ ಗಾಳಿಪಿಸ್ತೂಲು 2,77,250 ಪೌಂಡ್‌ಗೆ ಹೋಯಿತು. ಬೂತ್ರಾಯ್ಡ್‌ನ ಪತ್ರದಿಂದ ಹೊರಟ ನೆಚ್ಚಿನ ಪಿಸ್ತೂಲಿನ ಹುಡುಕಾಟ ಕೊನೆಗೆ ನಿಂತದ್ದು ಬೆಂಕಿಯೇ ಇಲ್ಲದ ಪಿಸ್ತೂಲಿನಲ್ಲಿ.

ಕಥೆಯ ಹೊರಗೆ ಪಿಪಿಕೆಗೆ ಒಂದು ಪರೀಕ್ಷೆ ಕಾದಿತ್ತು. 1974ರ ಮಾರ್ಚ್ 20ರ ರಾತ್ರಿ, ಲಂಡನ್ನಿನ ಮಾಲ್ ರಸ್ತೆಯಲ್ಲಿ ರಾಜಕುಮಾರಿ ಆ್ಯನ್ ಕಾರಿಗೆ ಒಬ್ಬ ಅಡ್ಡಹಾಕಿ ಅಪಹರಣಕ್ಕೆ ಯತ್ನಿಸಿದ. ಅಂಗರಕ್ಷಕ ಜಿಮ್ ಬೀಟನ್ ಬಳಿ ಇದ್ದದ್ದು ವ್ಯಾಲ್ಥರ್ ಪಿಪಿಕೆ. ಭುಜಕ್ಕೆ ಗುಂಡು ತಗುಲಿದ ಮೇಲೂ ಆತ ಒಂದು ಸುತ್ತು ಹಾರಿಸಿದರು, ಗುರಿ ತಪ್ಪಿತು. ಎರಡನೆಯದಕ್ಕೆ ಪಿಸ್ತೂಲು ಕಚ್ಚಿಕೊಂಡು ನಿಂತಿತು. ಆಮೇಲೆ ಆತ ಮಾಡಿದ್ದು, ರಾಜಕುಮಾರಿಗೂ ಪಿಸ್ತೂಲಿಗೂ ನಡುವೆ ತನ್ನ ಮೈಯನ್ನು ಒಡ್ಡಿದ್ದು. ಒಟ್ಟು ಮೂರು ಗುಂಡು ತಿಂದರೂ ಬದುಕಿ ಉಳಿದರು, ಜಾರ್ಜ್ ಕ್ರಾಸ್ ಪಡೆದರು. ಆ ಗದ್ದಲದಲ್ಲಿ ದಾಳಿಕೋರನ ತಲೆಗೆ ಬಲವಾಗಿ ಗುದ್ದಿದ್ದು ದಾರಿಯಲ್ಲಿ ಹೋಗುತ್ತಿದ್ದ, ಹಿಂದೆ ಬಾಕ್ಸಿಂಗ್ ಆಡಿದ್ದ ಒಬ್ಬ ಮನುಷ್ಯ, ಬರಿಗೈಯಲ್ಲಿ.

ಬೂತ್ರಾಯ್ಡ್ ಮೊದಲ ಪತ್ರದಲ್ಲೇ ರಿವಾಲ್ವರ್ ಎಂದಿದ್ದ ಎಂಬುದು ಇಲ್ಲಿ ನೆನಪಾಗದಿರದು. ಅದಕ್ಕಿಂತ ಹೆಚ್ಚಾಗಿ ನೆನಪಾಗುವುದು, ಬೀಟನ್ ಸೊಂಟದಲ್ಲಿದ್ದ ಪಿಸ್ತೂಲು ಅಂದಕ್ಕಾಗಿ ಆರಿಸಿದ್ದಲ್ಲ ಎಂಬುದು. ಅದು ಇಲಾಖೆ ಕೊಟ್ಟ, ಸಪ್ಪೆಯಾದ, ಎಲ್ಲರೂ ನಂಬಬಹುದೆಂದು ನಂಬಿದ್ದ ವಸ್ತು. ಸಪ್ಪೆಯಾಗಿರುವುದು ನಂಬಿಕಸ್ತ ಎಂಬುದಕ್ಕೆ ಪುರಾವೆಯಲ್ಲ ಎಂದು ಆ ರಾತ್ರಿ ಆ ಕಾರಿನ ಪಕ್ಕ ಗೊತ್ತಾಯಿತು.

ಬ್ರಿಟಿಷ್ ಪೊಲೀಸರು ಆಮೇಲೆ ಪಿಪಿಕೆಯನ್ನು ಕೈಬಿಟ್ಟರು. 1981ರಲ್ಲಿ ಬಾಂಡ್ ಕಾದಂಬರಿಗಳನ್ನು ಮುಂದುವರಿಸಿದ ಜಾನ್ ಗಾರ್ಡ್ನರ್ ಕೂಡ ನಾಯಕನಿಂದ ಅದನ್ನು ಕಿತ್ತುಕೊಂಡ. ಒಂದೆರಡು ಪಿಸ್ತೂಲು ಬದಲಾಯಿಸಿ 1984ರ 'ರೋಲ್ ಆಫ್ ಆನರ್'ನಲ್ಲಿ ಎಎಸ್‌ಪಿ ಎಂಬುದಕ್ಕೆ ಬಂದು ನಿಂತ. ಅದರ ಅಂಚುಗಳನ್ನೆಲ್ಲ ಉಜ್ಜಿ ಉರುಟಾಗಿಸಿದ್ದರು. ಹಿಡಿಯ ಪಕ್ಕಗಳು ಪಾರದರ್ಶಕ, ಎಷ್ಟು ತೋಟಾ ಉಳಿದಿವೆ ಎಂದು ನೋಡಿಕೊಳ್ಳಲು. ಸೆಂಟೆನಿಯಲ್ ರಿವಾಲ್ವರಿನ ನಿಜವಾದ ಸಂತಾನ ಅದು, ಬೂತ್ರಾಯ್ಡ್ ಬಯಸಿದ್ದರ ತೀರ ಹತ್ತಿರ. ಗಾರ್ಡ್ನರ್ ಹಲವು ಕಾದಂಬರಿಗಳಲ್ಲಿ ಅದನ್ನೇ ಬಳಸಿದ. ಸಿನಿಮಾದವರು ಅದರ ಕಡೆ ತಿರುಗಿಯೂ ನೋಡಲಿಲ್ಲ. 2012ರ 'ಸ್ಕೈಫಾಲ್'ನಲ್ಲಿ ಯುವ ಕ್ಯೂ ಪೆಟ್ಟಿಗೆ ತೆರೆದು ಬಾಂಡ್ ಕಡೆ ಸರಿಸುವಾಗ ಅದರಲ್ಲಿರುವುದು ಮತ್ತೆ ವ್ಯಾಲ್ಥರ್. ಈ ಸಲ ಹಿಡಿದವನ ಅಂಗೈ ಗುರುತು ಹಿಡಿದು ಮಾತ್ರ ಹಾರುವಂತೆ ಹಿಡಿಗೆ ವಿದ್ಯುತ್ ಕೂಡಿಸಿ, ಹಸಿರು ದೀಪ ಹಚ್ಚಿದ್ದಾರೆ.